ನೂಲಿಗೆ ಕುಡಿಸಿದ ಗಂಜಿ

ಬಾದಾಮಿಯ ಸಂತೆಯಲ್ಲಿ ಮೊನ್ನೆ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬ ಸಿಕ್ಕಿದ್ದ. ನಾನು ಗುರುತು ಹಿಡಿಯಲಿಲ್ಲ, ಅವನೇ ಹಿಡಿದ. ಹತ್ತಿಯ ಧಾರಣೆ, ಹಳ್ಳಕ್ಕೆ ಬಂದ ನೀರು, ನಾನು ಕಲಿಸುತ್ತಿದ್ದ ಸಾಲೆಗೆ ಹೊದಿಸಿದ ಹೊಸ ಹೆಂಚು ಎಲ್ಲ ಹೇಳಿ ಮುಗಿಸಿ, ಗಂಟನ್ನು ಹೆಗಲಿಗೆ ಏರಿಸುವಾಗ, ನಿಮ್ಮ ಎದುರುಮನೆಯ ಅಕ್ಕ ಹೋಗಿ ಎರಡು ತಿಂಗಳಾಯಿತು ಎಂದ. ಏನಾಗಿತ್ತು ಎಂದು ಕೇಳಿದೆ. ವಯಸ್ಸಾಗಿತ್ತಲ್ಲರಿ ಎಂದು ನಡೆದುಬಿಟ್ಟ. ಏನು ಕೊಳ್ಳಲು ಸಂತೆಗೆ ಬಂದಿದ್ದೆನೋ ಅದನ್ನು ಮರೆತು ಖಾಲಿ ಚೀಲ ಹಿಡಿದು ಮನೆಗೆ ಬಂದೆ.

ಇಳಕಲ್ಲು ಬಿಟ್ಟು ಹನ್ನೊಂದು ವರ್ಷವಾಯಿತು. ಬದಲಿ ಮಾಡಿರೆಂದು ನಾನೇ ಅರ್ಜಿ ಹಾಕಿಕೊಂಡು ಬಂದವನು. ಬಾದಾಮಿಗೂ ಇಳಕಲ್ಲಿಗೂ ನಡುವೆ ಸಮುದ್ರವೇನೂ ಇಲ್ಲ. ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಹುನಗುಂದದ ಮೇಲೆ ಹಾದು ಎತ್ತಿನ ಗಾಡಿ. ಒಮ್ಮೆಯೂ ಹೋಗಲಿಲ್ಲ. ಕಾಲುನೋವು, ಮಕ್ಕಳ ಪರೀಕ್ಷೆ, ಮಗಳ ಮದುವೆ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲ ಸುಳ್ಳು. ಆಕೆಯ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ.

ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ದೊಡ್ಡವರು ಸಣ್ಣವರು ಎಲ್ಲರಿಗೂ ಆಕೆ ಅಕ್ಕ. ನೇಕಾರರ ಮನೆ. ಮಗ ಅಂಬೆಗಾಲಿಡುವಾಗಲೇ ಗಂಡ ತೀರಿಕೊಂಡಿದ್ದ. ಆಕೆ ಲಾಳಿಯ ಕಂಡಿಕೆಗೆ ನೂಲು ಸುತ್ತಿ, ಮಂದಿಯ ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚಿಕೊಟ್ಟು ಮಗನನ್ನು ಬೆಳೆಸಿದ್ದಳು. ನಾನು ಬರುವ ಹೊತ್ತಿಗೆ ಅವನು ಹದಿನೈದು ದಾಟಿ, ಅಪ್ಪನ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯಲು ಕೂತಿದ್ದ. ನಾನು ಹುನಗುಂದದವನು, ಹೊಸದಾಗಿ ಬಂದ ಮುಸಲ್ಮಾನ ಮಾಸ್ತರ. ಆಕೆಯ ಮನೆಯ ಎದುರಿಗೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಹೆಂಡತಿ ಮಕ್ಕಳು ಊರಲ್ಲಿದ್ದರು. ಕೈಯಡಿಗೆ, ಅರ್ಧ ಬೆಂದದ್ದು.

ಬಂದ ಮೂರನೆಯ ದಿನ ಆಕೆ ನನ್ನ ಬಾಗಿಲಿಗೆ ಬಂದು, ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ಕತ್ತು ಚಾಚಿ ನೋಡಿದಳು. ಧಾರವಾಡದಲ್ಲಿ ಮಾಸ್ತರಿಕೆ ಕಲಿಯುವಾಗ ಅಂಟಿದ ಚಟ ಅದು. ಆ ಓಣಿಯಲ್ಲಿ ಆಗ ಚಹಾ ಕುಡಿಯುವವನು ನಾನೊಬ್ಬನೇ. ಇದೇನೆಂದು ಕೇಳಿದಳು. ಹೇಳಿದೆ. ನೂಲು ಅದ್ದಿ ತೆಗೆದ ಬಣ್ಣದ ನೀರನ್ನು ನಾವು ಹಳ್ಳಕ್ಕೆ ಚೆಲ್ಲುತ್ತೇವೆ, ನೀವು ಹೊಟ್ಟೆಗೆ ಚೆಲ್ಲಿಕೊಳ್ಳುತ್ತೀರಲ್ಲ ಎಂದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ, ಮಾಸ್ತರರಿಗೆ ಎರಡೂ ಬಂದಂತೆ ಕಾಣುವುದಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಳು. ಮರುದಿನದಿಂದ ಸಾಲೆ ಬಿಡುವ ಹೊತ್ತಿಗೆ ನನ್ನ ಹೊಸ್ತಿಲಲ್ಲಿ ಏನಾದರೊಂದು ಕುಡಿಯುವುದು ಬಂದೇ ಬರುತ್ತಿತ್ತು. ನಾನು ತಂಬಿಗೆ ಹಿಡಿಯಬೇಕು, ಆಕೆ ಮೇಲಿನಿಂದ ಹೊಯ್ಯಬೇಕು. ಪಾತ್ರೆಗೆ ಪಾತ್ರೆ ತಾಕುತ್ತಿರಲಿಲ್ಲ. ಆ ಕಾಲದ ರೀತಿಯೇ ಹಾಗಿತ್ತು. ನನಗದು ಬೇಸರವೆನಿಸಲಿಲ್ಲ, ಹೊಯ್ಯುವಾಗ ಒಂದು ಹನಿಯೂ ಹೊರಗೆ ಬೀಳುತ್ತಿರಲಿಲ್ಲ.

ಪಂಚಾಂಗ ನೋಡುವ ಕಾರಣವಿರಲಿಲ್ಲ, ಅಕ್ಕನ ಗಡಿಗೆ ನೋಡಿದರೆ ತಿಂಗಳು ತಿಳಿಯುತ್ತಿತ್ತು. ಯುಗಾದಿಗೆ ಹುಣಸೆರಸ, ಬೆಲ್ಲ, ಮಾವಿನಕಾಯಿಯ ತುರಿ, ಪುಠಾಣಿ ಹಿಟ್ಟು ಎಲ್ಲ ಕಲಸಿ ಮೇಲೆ ಬೇವಿನ ಹೂವು ಉದುರಿಸಿ ಹಂಡೆಯ ತುಂಬ ಬೇವು ಮಾಡುತ್ತಿದ್ದಳು. ಓಣಿಯೆಲ್ಲ ವಾಟಗ ಬಟ್ಟಲು ಹಿಡಿದು ಬರುತ್ತಿತ್ತು. ಬಿಸಿಲು ಬಲಿತ ಮೇಲೆ ರಾತ್ರಿಯೇ ಹುಳಿ ಬರಿಸಿಟ್ಟ ಜೋಳದ ಅಂಬಲಿ, ಅದಕ್ಕೆ ಮಜ್ಜಿಗೆ, ಜೀರಿಗೆ, ಹಸಿ ಉಳ್ಳಾಗಡ್ಡಿ. ಬಿಸಿಲಿಗೆ ತಲೆ ತಿರುಗಿ ಬಂದವರಿಗೆ ಕೆಂಡದಲ್ಲಿ ಸುಟ್ಟ ಮಾವಿನಕಾಯಿಯ ಪಾನಕ. ಮಳೆ ಹಿಡಿದರೆ ಒಣಶುಂಠಿ, ಮೆಣಸು, ತುಳಸಿಯ ಕಷಾಯ. ಚಳಿಗೆ ಹುರಳಿಯ ಕಟ್ಟು, ಬಾಣಂತಿಯರಿಗೆ ಅಳವಿ ಬೀಜ ಕುದಿಸಿದ ಹಾಲು. ಇದರಲ್ಲಿ ಒಂದಕ್ಕೂ ಆಕೆ ಔಷಧ ಎನ್ನುತ್ತಿರಲಿಲ್ಲ. ಔಷಧವೆಂದರೆ ಜಡ್ಡು ಬಂದ ಮೇಲೆ ನೆನಪಾಗುವ ದೇವರು, ಇದು ದಿನಾ ಹಚ್ಚುವ ದೀಪ ಎನ್ನುತ್ತಿದ್ದಳು.

ನಿಂತು ಕುಡಿಯಗೊಡುತ್ತಿರಲಿಲ್ಲ. ಎಂಥ ಅವಸರದವನಾದರೂ ಕಟ್ಟೆಯ ಮೇಲೆ ಕೂಡಬೇಕು, ಮೊದಲ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿಯಬೇಕು. ಒಮ್ಮೆ ನಮ್ಮ ಸಾಲೆ ತಪಾಸಣೆಗೆ ಬಂದ ಸಾಹೇಬರು ಬಿಸಿಲಲ್ಲಿ ಬಳಲಿ ಆಕೆಯ ಕಟ್ಟೆಗೆ ಬಂದು ಮಜ್ಜಿಗೆ ಕೇಳಿದರು. ಅವರಿಗೂ ಅದೇ ಕಾಯಿದೆ. ತಲೆಗೆ ಪಟಗ ಸುತ್ತಿದ ಆ ದೊಡ್ಡ ಮನುಷ್ಯ ಸಣ್ಣ ಮಕ್ಕಳ ಹಾಗೆ ಗಲ್ಲ ಉಬ್ಬಿಸಿಕೊಂಡು ಕೂತದ್ದನ್ನು ನೋಡಿ ನಾನು ನಗು ತಡೆಯಲಾಗದೆ ನನ್ನ ಕೋಣೆಯೊಳಗೆ ಓಡಿಹೋದೆ.

ನನ್ನ ರೋಜಾ ತಿಂಗಳು ಆಕೆಗೆ ದೊಡ್ಡ ಲೆಕ್ಕವಾಗಿತ್ತು. ನಾನು ಬಂದ ಹೊಸದರಲ್ಲಿ ಅದು ದೀಪಾವಳಿಯ ಆಸುಪಾಸು ಬರುತ್ತಿತ್ತು, ವರ್ಷವರ್ಷ ಹಿಂದೆ ಸರಿದು ಮಳೆಗಾಲದ ಕಡೆ ನಡೆದಿತ್ತು. ಸಂಜೆ ಉಪವಾಸ ಬಿಡುವಾಗ ಹಂಗಾಮಿಗೆ ತಕ್ಕದ್ದನ್ನು ಕುಡಿಸಬೇಕಲ್ಲ, ಆಕೆ ತಲೆ ಕೆಡಿಸಿಕೊಳ್ಳುತ್ತಿದ್ದಳು. ನಿಮ್ಮ ತಿಂಗಳಿಗೂ ಸರಕಾರಿ ನೌಕರರ ಹಾಗೆ ವರ್ಷವರ್ಷ ಬದಲಿ ಆಗುತ್ತದಲ್ಲರಿ ಮಾಸ್ತರ ಎನ್ನುವಳು. ಆ ವರ್ಷಗಳಲ್ಲಿ ನಾನು ರೋಜಾ ಬಿಟ್ಟದ್ದು ಖರ್ಜೂರದಿಂದಲ್ಲ, ಅಕ್ಕನ ತಂಬಿಗೆಯಿಂದ. ದಿನವಿಡೀ ಒಣಗಿದ ಗಂಟಲಿಗೆ ಆ ಮೊದಲ ಗುಟುಕು ಹೇಗಿರುತ್ತಿತ್ತೆಂಬುದು ನನಗೆ ಗೊತ್ತಿತ್ತು. ನೀರಡಿಕೆ ಏನೆಂದು ಗೊತ್ತಿಲ್ಲದ ಮನುಷ್ಯ ನಾನಾಗಿರಲಿಲ್ಲ. ಇದನ್ನು ಇಲ್ಲಿ ಬರೆದಿಡಲೇಬೇಕು.

ಮಗನಿಗೆ ತಾಯಿಯ ಈ ಹುಚ್ಚು ಕಂಡರೆ ನಗು. ಸಲಿಗೆಯ ಹುಡುಗ. ಎರಡು ಮೊಳ ನೇಯ್ದರೆ ನಾಲ್ಕು ಸಲ ನನ್ನ ಕೋಣೆಗೆ ಬರುತ್ತಿದ್ದ. ನನ್ನ ಚಹಾದಲ್ಲಿ ಅವನಿಗೂ ಪಾಲು, ಆಕೆಗೆ ಗೊತ್ತಾಗದಂತೆ. ಬಾಯಿಯ ವಾಸನೆ ಹೋಗಲೆಂದು ಯಾಲಕ್ಕಿ ಜಗಿದು ಮನೆಗೆ ಹೋಗುತ್ತಿದ್ದ. ಒಂದು ದಿನ ಆಕೆ ನನ್ನ ಹತ್ತಿರ ಬಂದು, ಹುಡುಗ ಯಾಲಕ್ಕಿ ಭಾಳ ತಿನ್ನುತ್ತಾನೆ, ಹೊಟ್ಟೆಗೇನಾದರೂ ಆಗಿದೆಯೇನು ಎಂದು ಕೇಳಿದಳು. ಕೇಳುವಾಗ ಕಣ್ಣು ನಗುತ್ತಿದ್ದವು. ಆಕೆಗೆ ಮೊದಲೇ ಗೊತ್ತಿತ್ತು.

ಹಾಸುನೂಲಿಗೆ ಗಂಜಿ ಹಚ್ಚುವುದರಲ್ಲಿ ಆಕೆಯನ್ನು ಸರಿಗಟ್ಟುವವರು ಓಣಿಯಲ್ಲಿರಲಿಲ್ಲ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಓಣಿಯುದ್ದ ಕಟ್ಟಿ, ತೆಳ್ಳಗೆ ಕಾಸಿದ ಜೋಳದ ಗಂಜಿಯನ್ನು ಕುಂಚದಿಂದ ಎಳೆಎಳೆಗೂ ಹಚ್ಚುತ್ತಾರೆ. ಹಚ್ಚುತ್ತಾರೆ ಎನ್ನುವವನು ನಾನು, ಆಕೆ ಕುಡಿಸುವುದು ಎನ್ನುತ್ತಿದ್ದಳು. ಬಿಸಿಲುಗಾಲದಲ್ಲಿ ನೂಲು ಪಟಪಟ ಹರಿದರೆ, ಅದಕ್ಕೆ ನೀರಡಿಕೆಯಾಗಿದೆ, ಇನ್ನೂ ಸ್ವಲ್ಪ ಕುಡಿಸಬೇಕಿತ್ತು ಎಂದು ಮರುಗುವಳು.

ನಾನು ಬಂದ ನಾಲ್ಕನೆಯ ವರ್ಷ ಮುಂಗಾರಿನ ಮಿರಗದ ಮಳೆ ಬಿದ್ದ ವಾರದಲ್ಲಿ ಓಣಿಗೆ ವಾಂತಿಭೇದಿ ಬಂತು. ಎರಡು ದಿನದಲ್ಲಿ ಮೂರು ಹೆಣ ಹೋದವು. ಹೊರಗಿನಿಂದ ವಯಸ್ಸಾದ ಡಾಕ್ಟರರೊಬ್ಬರು ಗಾಡಿಯಲ್ಲಿ ಬಂದು ನಾಲ್ಕು ಮನೆ ನೋಡಿ, ಕರಿ ಬಾಟಲಿಯ ಔಷಧ ಹಂಚಿ, ನನ್ನನ್ನು ಕರೆದು ಸೂಚನೆಗಳನ್ನು ಬರೆದುಕೊಳ್ಳಲು ಹೇಳಿದರು. ಬಾವಿಗೆ ಔಷಧ ಹಾಕಬೇಕು, ಹೊಲಸು ಬಟ್ಟೆ ಸುಡಬೇಕು, ರೋಗಿಗೆ ನೀರು, ಗಂಜಿ, ಮಜ್ಜಿಗೆ ಯಾವುದನ್ನೂ ಕೊಡಕೂಡದು, ಕೊಟ್ಟರೆ ರೋಗ ಬೆಳೆಯುತ್ತದೆ. ಅವರು ಕೆಟ್ಟವರಲ್ಲ. ಅವರು ಕಲಿತದ್ದೇ ಅದು. ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಅದೇ. ಓಣಿಯ ಮಂದಿ ನೀರಿನ ಕೊಡಗಳನ್ನು ರೋಗಿಯ ಕಣ್ಣಿಗೆ ಬೀಳದಂತೆ ಮೊದಲೇ ಮುಚ್ಚಿಟ್ಟಿದ್ದರು.

ನನ್ನ ಅಕ್ಷರ ದುಂಡಗಿದ್ದವು. ಹಾಳೆಯ ಮೇಲೆ ಚೆಂದಾಗಿ ಬರೆದು, ಮನೆಮನೆಯ ಬಾಗಿಲಿಗೆ ನಿಂತು ಗಟ್ಟಿಯಾಗಿ ಓದಿದೆ. ಹೆಮ್ಮೆಯಿಂದಲೇ ಓದಿದೆ, ಅದನ್ನೂ ಮುಚ್ಚಿಡುವುದಿಲ್ಲ. ಸಾವಿನ ನಡುವೆ ಓದು ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು.

ಮರುದಿನ ಬೆಳಿಗ್ಗೆ ಅಕ್ಕನ ಮಗ ಬಿದ್ದ. ಹಿಂದಿನ ದಿನವಷ್ಟೇ ಹಾಸು ಕಟ್ಟಿದ್ದರು. ಅಂದು ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು, ಗಂಜಿಯ ಗಡಿಗೆ ಒಲೆಯಿಂದ ಇಳಿದಿತ್ತು. ನಾನು ಹೋದಾಗ ಆಕೆ ಅದೇ ಗಡಿಗೆಯ ತಿಳಿಯನ್ನು ವಾಟಗಕ್ಕೆ ಬಸಿದು, ಉಪ್ಪು, ಚೂರು ಬೆಲ್ಲ ಹಾಕಿ ಆರಿಸುತ್ತಿದ್ದಳು. ಕೊಡಬೇಡಿ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಮಾಸ್ತರ, ಇಷ್ಟು ನೀರು ಹೊರಗ ಹೊಂಟೈತಿ. ಒಳಗ ಏನೂ ಹಾಕಲಿಲ್ಲಂದ್ರ ಮನಶ್ಯಾ ಹ್ಯಾಂಗ ಉಳೀತಾನ?"

"ಹಾಕಿದ್ರ ಬ್ಯಾನಿ ಬೆಳೀತೈತಿ, ಅಕ್ಕಾರ. ಡಾಕ್ಟರ ಹೇಳ್ಯಾರ. ನಾನ ಕೈಯಾರೆ ಬರದೇನಿ."

"ಹಾಳ್ಯಾಗ ಹಂಗ ಬರದೈತೇನು?"

"ಬರದೈತಿ."

ಆಕೆಗೆ ಓದು ಬರುತ್ತಿರಲಿಲ್ಲ. ಬರೆದದ್ದೆಂದರೆ ಆಕೆಗೆ ಸಾಲೆಯ ಅಂಗಳಕ್ಕೂ ಕೈ ಮುಗಿಯುವಷ್ಟು ಭಕ್ತಿ. ವಾಟಗವನ್ನು ಗೋಡೆಯ ಬದಿಗೆ ಇಟ್ಟಳು. ಆಕೆಯ ಬುದ್ಧಿಗೆ ಖರೆ ಏನೆಂದು ಗೊತ್ತಿತ್ತು. ನನ್ನ ಮಾತು ಆ ವಾಟಗವನ್ನು ನೆಲಕ್ಕಿಳಿಸಿತು.

ತಾಯಿ ಒಳಗಿದ್ದರೆ ಕರುಳು ತಡೆಯುವುದಿಲ್ಲ, ನೀರು ಕೊಟ್ಟೇ ಬಿಡುತ್ತಾಳೆ, ಹೊರಗೆ ಕಳಿಸಿರಿ ಎಂದು ಹಿರಿಯರು ಅಂಗಳದಿಂದಲೇ ಕೂಗಿ ಹೇಳಿದರು. ಹೊಸ್ತಿಲು ದಾಟಲು ಅವರಿಗೆ ಹೆದರಿಕೆ. ಮಡಿ ಮೈಲಿಗೆಯ ಮಾತು ಅಂದು ಯಾರೂ ಎತ್ತಲಿಲ್ಲ, ಒಳಗೆ ಕೂತವನು ನಾನೇ. ಗಡಿಗೆಯಲ್ಲಿ ಉಳಿದ ಗಂಜಿಯನ್ನೂ ಕುಂಚವನ್ನೂ ತೆಗೆದುಕೊಳ್ಳಲು ಹೇಳಿ ಆಕೆಯನ್ನು ಹಾಸಿನ ಕಡೆ ಕಳಿಸಿದರು, ಕೈಗೆ ಕೆಲಸವಿದ್ದರೆ ಮನಸ್ಸಿಗೆ ನೆಲೆ ಎಂದು. ಆಕೆ ಹೋದಳು.

ನಾನು ಬಾಗಿಲು ಎಳೆದುಕೊಂಡು ಕೂತೆ. ಹುಡುಗನ ಕಣ್ಣು ಗುಣಿ ಬಿದ್ದಿದ್ದವು, ಬೆರಳ ತುದಿಯ ತೊಗಲು ನೀರಲ್ಲಿ ನೆನೆದಂತೆ ನಿರಿಗೆಗಟ್ಟಿತ್ತು. ನೀರು ಕೇಳಿದ. ಮೊದಲು ನಾಚಿಕೆಯಿಂದ ಕೇಳಿದ, ಆಮೇಲೆ ಗೋಗರೆದ, ಆಮೇಲೆ ನನ್ನ ಅಂಗಿಯ ತೋಳು ಹಿಡಿದು ತುಟಿಯಷ್ಟೇ ಆಡಿಸಿದ. ನೀರಡಿಸಿದವನಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲವೆಂದು ನನ್ನ ತಂದೆ ಹೇಳಿಕೊಟ್ಟಿದ್ದರು. ಮೊಹರಮ್ಮಿಗೆ ದಾರಿಯಲ್ಲಿ ನಿಂತು ಜಾತಿ ಕೇಳದೆ ಶರಬತ್ತು ಹಂಚಿದ ಮನೆತನ ನಮ್ಮದು. ಅಂಥ ಮನೆಯ ಮಗ, ಮೂರು ಮಾರಿನಾಚೆ ತುಂಬಿದ ವಾಟಗ ಇಟ್ಟುಕೊಂಡು, ಎಂಟು ತಾಸು ಕೂತೆ. ನನ್ನ ಬರಹವನ್ನು ನಾನೇ ಮೀರುವುದು ಹೇಗೆಂದು ಕೂತೆ. ದೀಪ ಹಚ್ಚುವ ಮೊದಲೇ ಅವನು ಹೋದ.

ಹೊರಗೆ ಬಂದಾಗ ಆಕೆ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ನಿದ್ದೆ ಹತ್ತಿತ್ತು, ನೀರು ಕೇಳಲಿಲ್ಲ ಎಂದೆ. ಹೌದೇನು ಎಂದಳು, ಅಷ್ಟೇ.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಕಷ್ಟ. ಆಕೆ ಕೈ ಕಟ್ಟಿ ಕೂಡಲಿಲ್ಲ, ಕೂತಿದ್ದರೆ ಒಳ್ಳೆಯದಿತ್ತು. ಯುಗಾದಿಗೆ ಬೇವು ಬಂತು, ಬಿಸಿಲಿಗೆ ಅಂಬಲಿ ಬಂತು, ಮಳೆಗೆ ಕಷಾಯ ಬಂತು, ನನ್ನ ರೋಜಾಕ್ಕೆ ತಂಬಿಗೆ ಬಂತು. ಆದರೆ ಸಾಕು ಎಂದರೆ ಈಗ ಆಕೆ ಕೇಳುತ್ತಿರಲಿಲ್ಲ. ಕುಡಿಯುವವರ ಎದುರಿಗೆ ನಿಂತು ತಳ ಕಾಣುವವರೆಗೆ ನೋಡುವಳು, ತಳ ಕಂಡರೆ ಮತ್ತೆ ಹೊಯ್ಯುವಳು. ದಾರಿಯಲ್ಲಿ ಹೋಗುವ ಗಾಡಿಯವರನ್ನು ತಡೆದು ಕುಡಿಸುವಳು. ಒಬ್ಬ ವರ ಹೆಣ್ಣು ನೋಡಲು ಬಂದವನು ಆಕೆಯ ಕೈಯಿಂದ ಪಾರಾಗಲಾರದೆ ನಾಲ್ಕು ವಾಟಗ ಮಜ್ಜಿಗೆ ಕುಡಿದು, ಹೆಣ್ಣಿನ ಮನೆಯಲ್ಲಿ ಏನೂ ಮುಟ್ಟದೆ ಎದ್ದನೆಂದು ಓಣಿ ನಕ್ಕಿತು. ನಿಧಾನಕ್ಕೆ ಮಂದಿ ಆಕೆಯ ಬಾಗಿಲು ತಪ್ಪಿಸಿ ಹಿಂದಿನ ಸಂದಿಯಿಂದ ತಿರುಗಾಡತೊಡಗಿದರು. ಮಾಡಿದ್ದು ಗಡಿಗೆಯಲ್ಲೇ ಹುಳಿತು ಹೋಗುತ್ತಿತ್ತು. ಮರುದಿನ ಮತ್ತೆ ಮಾಡುತ್ತಿದ್ದಳು.

ಮಗನ ಮಾತನ್ನು ನನ್ನೆದುರು ಎತ್ತಿದ್ದು ಒಂದೇ ಸಲ. ಕಂಡಿಕೆ ಸುತ್ತುತ್ತ, ರಾಟಿಯಿಂದ ಕಣ್ಣು ಎತ್ತದೆ, "ನೂಲಿಗೆ ಕುಡಿಸಿದ್ನಿ, ಮಾಸ್ತರ. ಮಗಗ ಕುಡಿಸಲಿಲ್ಲ" ಎಂದಳು. ನಾನು ತಡಬಡಿಸಿ, ಅವನು ಸುಖವಾಗಿ ಹೋದ, ಏನೂ ಬೇಡಲಿಲ್ಲ ಎಂದೆ. ವರ್ಷವರ್ಷ ಆ ದಿನ ಬಂದಾಗ ಆಕೆ ಕೇಳದಿದ್ದರೂ ಅದೇ ಮಾತು ಹೇಳುತ್ತಿದ್ದೆ. ಅದರಿಂದ ಆಕೆಗೆ ತಂಪಾಗುತ್ತದೆಂದು ನಂಬಿದ್ದೆ. ತಂಪು ಬೇಕಾಗಿದ್ದದ್ದು ನನಗೆ.

ಐದು ವರ್ಷದ ಮೇಲೆ ಮತ್ತೆ ವಾಂತಿಭೇದಿ ಬಂತು. ಈ ಸಲ ಬಂದವನು ಎಳೆಯ ಡಾಕ್ಟರ. ಚಾವಡಿಯಲ್ಲಿ ನಮ್ಮನ್ನೆಲ್ಲ ಕೂಡಿಸಿ, ರೋಗಿಯಲ್ಲಿ ನೀರು ಬತ್ತಿ ಸಾವು ಬರುತ್ತದೆ, ಕಾಸಿ ಆರಿಸಿದ ನೀರಿಗೆ ಉಪ್ಪು ಹಾಕಿ, ಗಂಜಿಯಾದರೆ ಇನ್ನೂ ಒಳ್ಳೆಯದು, ಕೇಳಿದಷ್ಟು ಕುಡಿಸಿರಿ ಎಂದ. ಹಿಂದೆ ಹಾಗೆ ಹೇಳಿರಲಿಲ್ಲವಲ್ಲ ಎಂದು ಹಿರಿಯರೊಬ್ಬರು ಕೇಳಿದರು. ಹಿಂದೆ ತಪ್ಪು ಹೇಳುತ್ತಿದ್ದರು ಎಂದು ಅವನು ಸರಳವಾಗಿ ಹೇಳಿ ಪೆಟ್ಟಿಗೆ ಮುಚ್ಚಿದ. ಬರೆದುಕೊಳ್ಳಲು ಕಾಗದ ಕೊಟ್ಟರು. ನನ್ನ ಕೈಯಿಂದ ಒಂದು ಅಕ್ಷರ ಮೂಡಲಿಲ್ಲ. ಬೇರೆಯವರು ಬಾಯಲ್ಲೇ ಸುದ್ದಿ ಒಯ್ದರು.

ಅಕ್ಕನ ಪಕ್ಕದ ಮನೆಯ ಸೊಸೆ ಅಂದೇ ಬಿದ್ದಿದ್ದಳು. ಅಕ್ಕ ಎರಡು ಹಗಲು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿಯ ತಿಳಿ, ಉಪ್ಪು, ಚೂರು ಬೆಲ್ಲ, ಅದನ್ನೇ ಚಮಚದಿಂದ ಗುಟುಕು ಗುಟುಕಾಗಿ ಕುಡಿಸಿದಳು. ವಾಂತಿಯಾದರೆ ಒರೆಸಿ ಮತ್ತೆ ಕುಡಿಸಿದಳು. ಮೂರನೆಯ ಬೆಳಿಗ್ಗೆ ಆ ಹುಡುಗಿ ಎದ್ದು ಕೂತು ಮಗುವನ್ನು ಕೇಳಿದಳು. ಬಾಗಿಲು ತಪ್ಪಿಸಿ ತಿರುಗಾಡುತ್ತಿದ್ದ ಓಣಿಯೆಲ್ಲ ಈಗ ಅಕ್ಕನ ಅಂಗಳದಲ್ಲಿ ನೆರೆಯಿತು. ನಿನ್ನ ಕೈ ದೊಡ್ಡದು ತಾಯಿ ಎಂದರು, ಕಾಲಿಗೆ ಬಿದ್ದರು. ಆಕೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯಾರದೋ ಹೊಗಳಿಕೆ ಕೇಳುವವಳಂತೆ ಕೂತಿದ್ದಳು.

ನಾನು ಆ ಮೂರು ದಿನ ಸಾಲೆಯಲ್ಲೇ ಮಲಗಿದ್ದೆ. ನಾಲ್ಕನೆಯ ದಿನ ಹೊತ್ತು ಇಳಿಯುವಾಗ ಹೋದೆ. ಅಂಗಳ ಬರಿದಾಗಿತ್ತು. ಆಕೆ ಕಟ್ಟೆಯ ಮೇಲಿದ್ದಳು, ನನ್ನನ್ನು ಕಂಡು ಸರಿದು ಜಾಗ ಕೊಟ್ಟಳು.

"ನನ್ನ ಗಂಜಿ ಸರಿ ಇತ್ತು ಅಂದಂಗಾತು" ಎಂದಳು.

ಹೌದು ಎಂದೆ. ತಪ್ಪಾಯಿತು ಎನ್ನಬೇಕಿತ್ತು. ಆ ಮಾತಿಗಾಗಿಯೇ ಹೋಗಿದ್ದೆ, ದಾರಿಯುದ್ದ ಅದನ್ನೇ ಬಾಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಐದು ವರ್ಷದ ರೂಢಿಯ ಮಾತೇ ಹೊರಟಿತು.

"ಅವ ಏನೂ ಕೇಳಲಿಲ್ಲ, ಅಕ್ಕಾರ. ನಿದ್ದ್ಯಾಗ ಹ್ವಾದ."

ಆಕೆಗೆ ಸಿಟ್ಟು ಬರಲಿಲ್ಲ. ಪಾಠ ತಪ್ಪು ಒಪ್ಪಿಸಿದ ಮಗುವನ್ನು ತಿದ್ದುವಷ್ಟೇ ಮೆಲ್ಲಗೆ ಹೇಳಿದಳು.

"ಹದಿನೇಳು ಸಲ ಕೇಳಿದ, ಮಾಸ್ತರ. ನಾ ಹಾಸು ಬಿಟ್ಟು ಬಂದು ಬಾಗಲ ಹಿಂದ ನಿಂತಿದ್ದೆ."

ನಾನು ಎಣಿಸಿರಲಿಲ್ಲ.